ಹಾಜರಿ ಪುಸ್ತಕದ 43 ಹೆಸರುಗಳು

(ಪ್ರೌಢಶಾಲೆಯೊಂದರ ಹತ್ತನೆಯ ತರಗತಿ ಮಕ್ಕಳ ಬೀಳ್ಕೊಡುಗೆ ಹಾಗೂ 1975ರ ಎಸ್.ಎಸ್.ಎಲ್.ಸಿ. ತಂಡದ ಗುರುವಂದನೆ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಈಗಷ್ಟೇ ಹತ್ತನೆಯ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಮೂರು ವರ್ಷಗಳನ್ನು ನೆನೆದರು. ಒಬ್ಬಳು ಮಗಳು ಅತ್ತಳು. ಒಬ್ಬ ಹುಡುಗ ಗಣಿತದ ಸರ್ ಹೊಡೆದ ಪೆಟ್ಟನ್ನೂ ಪ್ರೀತಿಯಿಂದ ನೆನೆದು ಎಲ್ಲರನ್ನೂ ನಗಿಸಿದ. ಐವತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ನಾವೂ ಹೀಗೇ ಮಾತಾಡಿದ್ದೆವು. ಆಗ ಧ್ವನಿವರ್ಧಕ ಇರಲಿಲ್ಲ, ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಹಿಂತಿರುಗಿ ನೋಡುವುದು ಒಳ್ಳೆಯದು. ಆದರೆ ಹಿಂತಿರುಗಿ ನೋಡುವಾಗ ನಾವು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ.

ಗುರುವಂದನೆ ಮಾಡಬೇಕೆಂದು ಗೆಳೆಯರು ಕಳೆದ ವರ್ಷ ಒಂದು ವಾಟ್ಸಾಪ್ ಗುಂಪು ಮಾಡಿದರು. ಹುಡುಕಿ ಹುಡುಕಿ 19 ಜನರ ನಂಬರು ಸಿಕ್ಕವು. ಎಲ್ಲರೂ ಪಾಸಾದವರೇ. ಮಾಸ್ತರರು, ಬ್ಯಾಂಕಿನವರು, ಒಬ್ಬ ವೈದ್ಯ, ಒಬ್ಬ ಫೌಜದಾರ, ನನ್ನಂಥ ಎಂಜಿನಿಯರ್. ನಮ್ಮ ತಂಡ ಎಂದರೆ ಇಷ್ಟೇ ಎಂದು ನಾವೂ ನಂಬಿಕೊಂಡಿದ್ದೆವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾನು ಹಳೆಯ ದಾಖಲೆಗಳನ್ನು ತೆಗೆಸಿ ನೋಡಿದೆ. 1972ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದವರ ಹಾಜರಿಯಲ್ಲಿ 43 ಹೆಸರು. 36 ಹುಡುಗರು, 7 ಹುಡುಗಿಯರು. 1975ರಲ್ಲಿ ಪರೀಕ್ಷೆಗೆ ಕೂತವರು 26. ಪಾಸಾದವರು 20.

ಆ ವರ್ಷ ನಮ್ಮ ಶಾಲೆಯ ಫಲಿತಾಂಶ ಶೇಕಡಾ 77 ಎಂದು ಊರಲ್ಲಿ ಪೇಢೆ ಹಂಚಿದ್ದು ನನಗೆ ನೆನಪಿದೆ. ಲೆಕ್ಕ ಸರಿಯೇ, 26ಕ್ಕೆ 20. ಆದರೆ 43ಕ್ಕೆ 20 ಎಂದು ಹಾಕಿದರೆ 47ನ್ನೂ ಮುಟ್ಟುವುದಿಲ್ಲ. ಎರಡೂ ಲೆಕ್ಕ ಸುಳ್ಳಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಹೇಳದೆ ಬಿಟ್ಟೆವು, ಅಷ್ಟೇ.

ನಾನು ನೌಕರಿ ಮಾಡಿದ್ದು ನೀರಾವರಿಯಲ್ಲಿ. ಅಲ್ಲಿಯ ಒಂದು ಮಾತು ಹೇಳುತ್ತೇನೆ. ಕಾಲುವೆಯ ತಲೆಯಲ್ಲಿ ಒಂದು ಅಳತೆಪಟ್ಟಿ ಇರುತ್ತದೆ. ನೀರು ಇಷ್ಟು ಅಡಿ ಹರಿಯುತ್ತಿದೆ ಎಂದು ಅದನ್ನು ನೋಡಿ ಬರೆದುಕೊಳ್ಳುತ್ತೇವೆ. ಕಾಲುವೆಯ ಕೊನೆಯ ರೈತ ಬಂದು, ‘ಸಾಹೇಬ್ರ, ನಮ್ಮ ಹೊಲಕ್ಕ ಹನಿ ನೀರು ಬಂದಿಲ್ರಿ’ ಎನ್ನುತ್ತಾನೆ. ನಾವು ಪುಸ್ತಕ ತೆರೆದು, ‘ಪೂರ್ತಿ ನೀರು ಬಿಟ್ಟೀವಲ್ಲಪಾ’ ಎನ್ನುತ್ತೇವೆ. ಇಬ್ಬರೂ ಹೇಳುವುದು ನಿಜ. ಮಣ್ಣಿನ ಕಾಲುವೆಯಲ್ಲಿ ದಾರಿಯಲ್ಲೇ ನೀರು ಇಂಗುತ್ತದೆ. ಮೇಲಿನ ಹೊಲದವರು ಕಬ್ಬು ಹಚ್ಚಿ ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಾರೆ. ತಲೆಯಲ್ಲಿ ಅಳೆದರೆ ಯೋಜನೆ ಯಶಸ್ವಿ, ಕೊನೆಯ ಹೊಲದಲ್ಲಿ ನಿಂತು ನೋಡಿದರೆ ಬರಗಾಲ. ಕಾಲುವೆಯ ಯೋಗ್ಯತೆಯನ್ನು ಕೊನೆಯ ಹೊಲದಲ್ಲೇ ಅಳೆಯಬೇಕು ಎಂದು ಕಲಿಯಲು ನನಗೆ ಹತ್ತು ವರ್ಷ ನೌಕರಿ ಬೇಕಾಯಿತು. ಶಾಲೆಗೂ ಇದೇ ಅಳತೆ ಎಂದು ಹೊಳೆಯಲು ನಿವೃತ್ತಿಯೇ ಆಗಬೇಕಾಯಿತು.

ಆ 17 ಜನ ಎಲ್ಲಿ ಹೋದರು?

1972 ನಮ್ಮ ಬಿಜಾಪುರ ಜಿಲ್ಲೆಗೆ ದೊಡ್ಡ ಬರದ ವರ್ಷ. ಹಿರಿಯರಿಗೆ ನೆನಪಿರಬೇಕು. ಕೆಂಪು ಜೋಳದ ರೊಟ್ಟಿ ತಿಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಊರು ಬದುಕಿತು. ನಮ್ಮ ತರಗತಿಯ ಆರು ಹುಡುಗರು ಆ ವರ್ಷವೇ ತಂದೆ ತಾಯಿಯ ಹಿಂದೆ ದುಡಿಯಲು ಹೋದರು. ಕೆಲವರು ಸೊಲ್ಲಾಪುರಕ್ಕೆ, ಕೆಲವರು ಗೋವಾಕ್ಕೆ. ಮಳೆ ಬಂತು, ಅವರು ತಿರುಗಿ ಬರಲಿಲ್ಲ. ಒಂಬತ್ತರಲ್ಲಿ ನಪಾಸಾಗಿ ಬಿಟ್ಟವರು ಕೆಲವರು. ಏಳು ಹುಡುಗಿಯರಲ್ಲಿ ಐವರು ಮದುವೆಯಾಗಿ ಹೋದರು. ಅವರಲ್ಲಿ ಒಬ್ಬಳು ಲೆಕ್ಕದಲ್ಲಿ ನನಗಿಂತ ಮುಂದೆ ಇದ್ದಳು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು, ಯಾಕೆಂದರೆ ಅವರು ಇಂದು ಮುಂದಿನ ಸಾಲಿನಲ್ಲಿ ಮೊಮ್ಮಗಳ ಜೊತೆ ಕುಳಿತಿದ್ದಾರೆ. ಆಗ ಹೆಣ್ಣಿನ ಮದುವೆಗೆ ಕಾನೂನು ಕೇಳುತ್ತಿದ್ದದ್ದು 15 ವರ್ಷ. ಅದು 18 ಆದದ್ದು 1978ರಲ್ಲಿ. ಕಾನೂನು ನಮ್ಮ ತರಗತಿಯ ಹುಡುಗಿಯರಿಗೆ ತಡವಾಗಿ ಬಂತು. ಆದರೆ ಅಕ್ಕಮಹಾದೇವಿಯನ್ನೂ ಸತ್ಯಕ್ಕನನ್ನೂ ಹೊಗಳುತ್ತಿದ್ದ ಮನೆಗಳು ನಮ್ಮವು. ನಾವು ಕಾನೂನಿಗಾಗಿ ಕಾಯಬೇಕಿರಲಿಲ್ಲ.

ಇನ್ನೊಬ್ಬನ ಬಗ್ಗೆ ಹೇಳಬೇಕು. ಅದು ಬರದ ಮಾತಲ್ಲ, ಬಡತನದ ಮಾತೂ ಅಲ್ಲ. ಅದು ನನ್ನ ಮಾತು.

ಅವನು ನನ್ನ ಬೆಂಚಿನ ಗೆಳೆಯ. ಅವನ ತಂದೆ ಊರಿಗೆಲ್ಲ ಚಪ್ಪಲಿ ಹೊಲಿದು ಕೊಡುತ್ತಿದ್ದರು. ಹರಳಯ್ಯ ಶರಣರು ಮಾಡಿದ ಕಾಯಕವದು. ಎಂಟನೆಯ ತರಗತಿಯಲ್ಲಿದ್ದಾಗ ಶ್ರಾವಣದಲ್ಲಿ ವಚನ ಕಂಠಪಾಠ ಸ್ಪರ್ಧೆ ನಡೆಯಿತು. ಅವನು 50 ವಚನಗಳನ್ನು ಒಂದೇ ಉಸಿರಿನಲ್ಲಿ ಎಂಬಂತೆ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ. ನಾನು 40ಕ್ಕೆ ನಿಂತೆ. ಅವನು ಮೊದಲನೆಯವ, ನಾನು ಎರಡನೆಯವ.

ಅಷ್ಟು ಹೊತ್ತು ಹೇಳಿ ಗಂಟಲು ಒಣಗಿತ್ತು. ಪಡಸಾಲೆಯಲ್ಲಿ ನೀರಿನ ಹರವಿ ಇತ್ತು. ಅವನಿಗೂ ಅವನ ಕೇರಿಯ ಇನ್ನಿಬ್ಬರಿಗೂ ಬೇರೆಯವರು ಮೇಲಿನಿಂದ ಬೊಗಸೆಗೆ ನೀರು ಸುರಿಯುವುದು ರೂಢಿ. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವತ್ತು ಅವನು ಗೆದ್ದ ಖುಷಿಯಲ್ಲಿದ್ದ. ತಾನೇ ತಂಬಿಗೆ ತಗೊಂಡು ಹರವಿಯಲ್ಲಿ ಅದ್ದಿ ಕುಡಿದ. ಯಾರೋ ಕೂಗಿದರು. ಆ ವಾರ ನೀರಿನ ಪಾಳಿ ನನ್ನದು. ನಾನು ಓಡಿ ಹೋಗಿ ಅವನ ಕೈಯಿಂದ ತಂಬಿಗೆ ಕಸಿದುಕೊಂಡೆ. ಹರವಿಯನ್ನು ಬಗ್ಗಿಸಿ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿದೆ.

ಬರಗಾಲದ ವರ್ಷ. ನಮ್ಮ ಅವ್ವಂದಿರು ಎರಡು ಮೈಲಿ ನಡೆದು ಒಂದು ಕೊಡ ನೀರು ತರುತ್ತಿದ್ದ ದಿನಗಳು. ಆ ನೀರನ್ನು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ನಾನು, 40 ವಚನ ಹೇಳಿ ಹತ್ತು ನಿಮಿಷ ಕಳೆದಿರಲಿಲ್ಲ, ಮಣ್ಣಿಗೆ ಚೆಲ್ಲಿದೆ. ಅಸ್ಪೃಶ್ಯತೆ ಅಪರಾಧ ಎಂಬ ಕಾಯ್ದೆ ಬಂದು ಆಗಲೇ 17 ವರ್ಷ ಆಗಿತ್ತು. ಶರಣರು ಹೇಳಿ ಎಂಟು ಶತಮಾನ ಆಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ‘ಶಾಣ್ಯಾ ಹುಡುಗ’ ಎಂದು ಒಬ್ಬರು ಬೆನ್ನು ತಟ್ಟಿದರು.

ದೀಪಾವಳಿ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಹುಮಾನಕ್ಕೆ ಅವನ ಹೆಸರು ಕರೆದರು. ಯಾರೂ ಎದ್ದು ಬರಲಿಲ್ಲ. ಆ ಪುಸ್ತಕವನ್ನು ನನಗೆ ಕೊಟ್ಟರು.

1986ರಲ್ಲಿ ನಾನು ಕೃಷ್ಣಾ ಮೇಲ್ದಂಡೆ ಯೋಜನೆಯ ಒಂದು ಕಾಲುವೆಯ ಕೆಲಸದ ಮೇಲಿದ್ದೆ. ದಂಡೆಗೆ ಕಲ್ಲು ಹೊಂದಿಸುತ್ತಿದ್ದ ಕೆಲಸಗಾರರಲ್ಲಿ ಒಬ್ಬ ಎದ್ದು ನಿಂತು, ‘ಸಾಹೇಬ್ರ, ನೀವು ನಮ್ಮ ಊರಾವರಲ್ಲೇನ್ರಿ?’ ಎಂದ. ನನಗೆ ಗುರುತು ಸಿಕ್ಕಿತು. ಪಕ್ಕದಲ್ಲಿ ಗುತ್ತಿಗೆದಾರ ಇದ್ದ, ಮೇಲಧಿಕಾರಿಗಳಿದ್ದರು. ‘ಹೌದು’ ಎಂದಷ್ಟೇ ಹೇಳಿ ಅಳತೆ ಪುಸ್ತಕದ ಕಡೆ ಮುಖ ಮಾಡಿದೆ. ‘ಇವ ನನ್ನ ಕ್ಲಾಸ್‌ಮೇಟ್’ ಎಂಬ ಮಾತು ಬಾಯಿಗೆ ಬರಲಿಲ್ಲ. ಹುಡುಗನಾಗಿದ್ದಾಗ ಮಾಡಿದ್ದಕ್ಕೆ ತಿಳಿವಳಿಕೆ ಇರಲಿಲ್ಲ ಎನ್ನಬಹುದು. ಈ ಎರಡನೆಯದಕ್ಕೆ ಆ ನೆಪವೂ ಇಲ್ಲ.

ಈ ಕಾರ್ಯಕ್ರಮದ ಆಮಂತ್ರಣ ಹಿಡಿದು ಮೊನ್ನೆ ಅವನ ಮನೆಗೆ ಹೋದೆ. ‘ಬರ್ರಿ ಸಾಹೇಬ್ರ’ ಎಂದ. ‘ಸಾಹೇಬ ಅನಬ್ಯಾಡೋ’ ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಬಾ, ಕೂಡು’ ಎಂದ. ಅವನ ಸೊಸೆ ನೀರು ತಂದು ಕೊಟ್ಟಳು. ಕುಡಿದೆ. ಹರವಿಯ ಮಾತು ತೆಗೆದೆ. ಕ್ಷಮೆ ಕೇಳಿದೆ. ಅವನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ‘ನೀ ಬಂದಿ, ಚಲೋ ಆತು. ಆದ್ರ ನಾ ಬರಂಗಿಲ್ಲ. ಆ ಅಂಗಳದಾಗ ನಾ ಕಾಲಿಡಂಗಿಲ್ಲ’ ಎಂದ. ಬಹುಮಾನದ ಆ ಪುಸ್ತಕವನ್ನು ಜೊತೆಗೆ ಒಯ್ದಿದ್ದೆ, ಕೊಡಹೋದೆ. ‘ನೀನ ಇಟ್ಕೋ. ನನಗ ಇನ್ನೂ ಬಾಯಿಪಾಠ ಅದಾವ’ ಎಂದ.

ಆ ಪುಸ್ತಕ ಈಗಲೂ ನನ್ನ ಕೈಯಲ್ಲೇ ಇದೆ. ಇಲ್ಲಿ ಒಂದು ಕುರ್ಚಿ ಖಾಲಿ ಇದೆ. ಅದನ್ನು ಯಾರಾದರೂ ಬಂದು ತುಂಬಲಿ ಎಂದು ನಾನು ಕೇಳುವುದಿಲ್ಲ. ಬಾರದಿರುವುದು ಅವನ ಹಕ್ಕು.

ಬಂಧುಗಳೆ, ಇದನ್ನು ನಾನು ಯಾಕೆ ಹೇಳಿದೆ? ಶಾಲೆಯನ್ನು ದೂರಲು ಅಲ್ಲ, ಗುರುಗಳನ್ನು ದೂರಲು ಅಲ್ಲ. ನಮ್ಮ ಭಾಗದಲ್ಲಿ ಅಕ್ಷರ ಬಂದದ್ದೇ ಹಿರಿಯರ ತ್ಯಾಗದಿಂದ. ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ ಹಳ್ಳಿ ಹಳ್ಳಿ ತಿರುಗಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮಠಗಳು ಮನೆ ಮನೆಯ ಮುಷ್ಟಿ ಜೋಳ ಕೂಡಿಸಿ ಮಕ್ಕಳಿಗೆ ಊಟ ಹಾಕಿದವು. ಆ ಊಟ ಉಂಡವರೇ ನಾವು. ಆ ಋಣ ಇರುವುದರಿಂದಲೇ ಹೇಳುತ್ತಿದ್ದೇನೆ. ವಚನ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ವಚನ ಬರುತ್ತದೋ ಇಲ್ಲವೋ ಎಂಬುದನ್ನು ಸ್ಪರ್ಧೆಯ ವೇದಿಕೆಯಲ್ಲಿ ಅಳೆದೆವು, ನೀರಿನ ಹರವಿಯ ಹತ್ತಿರ ಅಳೆಯಲಿಲ್ಲ. ಲಿಂಗಾಯತ ಧರ್ಮ ಸಮಾನತೆಯ ಧರ್ಮ ಎಂದು ನಾವು ಇಂದು ಸಭೆ ಮಾಡುತ್ತೇವೆ, ಗ್ರಂಥ ಬರೆಯುತ್ತೇವೆ, ಅದು ಬೇಕು. ಆದರೆ ಕೇಳುವವರು ಗ್ರಂಥ ತೆರೆದು ನೋಡುವುದಿಲ್ಲ. ನಮ್ಮ ಪಡಸಾಲೆ ನೋಡುತ್ತಾರೆ.

ಈಗ ಮೂರು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು ನಮ್ಮ ತಂಡದ್ದು. ಶಾಲೆಗೆ ನಮ್ಮ ತಂಡದ ಹೆಸರಿನಲ್ಲಿ ಕಮಾನು ಕಟ್ಟಿಸಬೇಕೆಂದು ಹಣ ಕೂಡಿಸಿದ್ದೆವು. ಸಾಕಷ್ಟು ವಾದ ಆಯಿತು, ಒಂದಿಬ್ಬರು ಬೇಸರವನ್ನೂ ಮಾಡಿಕೊಂಡರು. ಕೊನೆಗೆ ಕಮಾನು ಬೇಡ, ಮಕ್ಕಳಿಗೆ ಸಾಲಾಗಿ ನಲ್ಲಿಗಳಿರುವ ಕುಡಿಯುವ ನೀರಿನ ಕಟ್ಟೆ ಕಟ್ಟಿಸೋಣ ಎಂದು ಒಪ್ಪಿದ್ದೇವೆ. ಅದರ ಮೇಲೆ ಹೆಸರು ಬರೆಸುವುದಾದರೆ 43 ಹೆಸರು ಬರೆಸಬೇಕು. ಒಪ್ಪಿಗೆ ಕೊಟ್ಟವರ ಹೆಸರು ಮಾತ್ರ. ನನ್ನ ಗೆಳೆಯ ಬೇಡ ಎಂದರೆ ಬೇಡ.

ಎರಡನೆಯದು ಮಠಗಳ ಮತ್ತು ಸಂಸ್ಥೆಗಳ ಹಿರಿಯರಲ್ಲಿ ಬಿನ್ನಹ. ಪ್ರತಿ ವರ್ಷ ಫಲಿತಾಂಶದ ಬ್ಯಾನರ್ ಹಾಕುವಾಗ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ. ಎಂಟನೆಯ ತರಗತಿಗೆ ಎಷ್ಟು ಮಕ್ಕಳು ಬಂದಿದ್ದರು, ಹತ್ತನೆಯದನ್ನು ಎಷ್ಟು ಮಕ್ಕಳು ಮುಟ್ಟಿದರು. ಶಿಕ್ಷಣ ಹಕ್ಕಿನ ಕಾಯ್ದೆಯ ಆಸರೆ 14 ವರ್ಷದವರೆಗೆ ಮಾತ್ರ. ಅಲ್ಲಿಂದ ಮುಂದೆ ಮಗು ಶಾಲೆ ಬಿಟ್ಟರೆ ಕೇಳುವವರು ಕಡಿಮೆ. ಅಲ್ಲಿ ಮಠ ಕೇಳಬೇಕು. ದಾಸೋಹ ಎಂದರೆ ಬಂದವರಿಗೆ ಬಡಿಸುವುದಷ್ಟೇ ಅಲ್ಲ. ಪಂಕ್ತಿಯಿಂದ ಎದ್ದು ಹೋದವರು ಯಾಕೆ ಎದ್ದರು ಎಂದು ಹಿಂದೆ ಹೋಗಿ ಕೇಳುವುದೂ ದಾಸೋಹವೇ.

ಮೂರನೆಯದು ಮಕ್ಕಳೆ, ನಿಮಗೆ. ನಿಮ್ಮ ಜೊತೆ ಎಂಟನೆಯ ತರಗತಿಯಲ್ಲಿ ಕುಳಿತು ಈಗ ಈ ಪೆಂಡಾಲಿನಲ್ಲಿ ಇಲ್ಲದವರ ಹೆಸರು ನಿಮಗೆ ಗೊತ್ತಿದೆ. ಯಾರು ಮದುವೆಯಾಗಿ ಹೋದಳು, ಯಾರು ಗ್ಯಾರೇಜಿಗೆ ಸೇರಿದ, ಯಾರು ಕಬ್ಬಿನ ಗ್ಯಾಂಗಿನ ಜೊತೆ ಹೋದ, ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಪರೀಕ್ಷೆ ಮುಗಿದ ಮರುವಾರ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗಿರಿ. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಬರೆಯಲು ಅವಕಾಶ ಇದೆ ಎಂದು ಹೇಳಿರಿ. ನಿಮ್ಮ ನೋಟ್‌ಬುಕ್ ಕೊಟ್ಟು ಬನ್ನಿರಿ. ಫೀಜು ಕಟ್ಟಲು ನಮ್ಮ ತಂಡದ ಉಳಿದ ಹಣ ಇದೆ, ಮುಖ್ಯೋಪಾಧ್ಯಾಯರ ಹತ್ತಿರ ಇಟ್ಟಿದ್ದೇವೆ. ಅವರು ಯಾಕೆ ಬಿಟ್ಟರು ಎಂಬುದರಲ್ಲಿ ನಿಮ್ಮದೇನಾದರೂ ಪಾಲು ಇದ್ದರೆ, ಒಂದು ಅಡ್ಡಹೆಸರು, ಒಂದು ನಗೆ, ಒಂದು ತಂಬಿಗೆ ನೀರು, ಅದನ್ನು ಈಗಲೇ ಹೋಗಿ ಒಪ್ಪಿಕೊಳ್ಳಿರಿ. ನನ್ನ ಹಾಗೆ 66 ವರ್ಷ ಆಗುವವರೆಗೆ ಕಾಯಬೇಡಿ. ಅವನ ಮನೆ ಈ ಶಾಲೆಯಿಂದ ಎರಡು ಕಿಲೋಮೀಟರೂ ಇಲ್ಲ.

ಪರೀಕ್ಷೆ ಚೆನ್ನಾಗಿ ಬರೆಯಿರಿ. ನಿಮಗೆಲ್ಲ ಒಳ್ಳೆಯದಾಗಲಿ.