ಮಣಿಕಟ್ಟು ಮಾತ್ರ ಬಿಡುವಾಗಿರಲಿ



ಒಮ್ಮೆ ಮನೆಮಂದಿಯೊಂದಿಗೆ ವಿಶಾಖಪಟ್ಟಣದ ಋಷಿಕೊಂಡ ಕಡಲತೀರಕ್ಕೆ ಹೋಗಿದ್ದೆ. ಅಲ್ಲಿ ಬಲೂನು ಹೊಡೆಯುವ ಆಟ ನಡೆದಿತ್ತು. ಉತ್ಸಾಹದಿಂದ ಏರ್‌ಗನ್ ಎತ್ತಿಕೊಂಡು ಆರು ಗುಂಡು ಹಾರಿಸಿದೆ. ಒಂದೂ ತಾಗಲಿಲ್ಲ! ಆಮೇಲೆ ನೋಡಿದರೆ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊನೆಯೇ ಒಂದು ಕಡೆಗೆ ವಾಲಿತ್ತು. ಮಗ ಕೇಳಿದ: "ಅಪ್ಪಾ, ಒಲಿಂಪಿಕ್ಸ್‌ನಲ್ಲೂ ಹೀಗೆ ಬೇಕಾದ ಹಾಗೆ ತಿರುಚಬಹುದಾ?" ಇವತ್ತಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ.

ಸ್ಪರ್ಧೆಯ ಪಿಸ್ತೂಲನ್ನು ತಿದ್ದಬಹುದು. ಆದರೆ ಎಲ್ಲಿಯವರೆಗೆ ಎಂಬುದಕ್ಕೆ ಗೆರೆ ಇದೆ.

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯನ್ನೇ ನೋಡಿ. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು. ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು. ಇಡೀ ಪಿಸ್ತೂಲು 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಯಬೇಕು. ದುರ್ಬೀನು, ಲೇಸರ್ ಯಾವುದೂ ಕೂಡದು.

ಟ್ರಿಗರ್‌ಗೆ ಯಾಕಿಷ್ಟು ಕಟ್ಟುನಿಟ್ಟು? ಅದು ಹಗುರವಾದಷ್ಟೂ ಬೆರಳಿನ ಸೆಳೆತ ಕಡಿಮೆ, ಕೈ ಅಲುಗುವುದೂ ಕಡಿಮೆ. ಅಭ್ಯಾಸದಿಂದ ಬರಬೇಕಾದದ್ದು ಸ್ಕ್ರೂ ತಿರುಗಿಸಿದರೆ ಬಂದುಬಿಡುತ್ತದೆ! ಪರೀಕ್ಷೆ ಬಹಳ ಸರಳ. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ತೂಕದ ಬಟ್ಟು ಸಿಕ್ಕಿಸಿ ಎತ್ತುತ್ತಾರೆ. ಭಾರವನ್ನು ತಡೆದುಕೊಂಡರೆ ಪಾಸು. ಪಂದ್ಯ ಮುಗಿದ ಮೇಲೂ ಕೆಲವರನ್ನು ಆರಿಸಿ ತಪಾಸಣೆ ಮಾಡುತ್ತಾರೆ. ಅಲ್ಲಿ ಸೋತರೆ, ಎಷ್ಟೇ ಅಂಕ ಗಳಿಸಿದ್ದರೂ ಅನರ್ಹ.

ಇನ್ನು ಹಿಡಿಕೆ. ಇದನ್ನು ಅವರವರ ಅಂಗೈಗೆ ತಕ್ಕಂತೆ ಉಜ್ಜಿ, ಕೆತ್ತಿ ಹೊಂದಿಸಿಕೊಳ್ಳಬಹುದು. ಆದರೆ ಅದು ಮಣಿಕಟ್ಟನ್ನು ದಾಟಿ ಆಸರೆ ಕೊಡಬಾರದು. ಮಣಿಕಟ್ಟು ಬಿಡುವಾಗಿ ಕಾಣುತ್ತಿರಬೇಕು. ಇಡೀ ನಿಯಮಾವಳಿಯ ತಿರುಳೇ ಇದು ಎನ್ನಬಹುದು. ಸಾಧನ ಕೈಗೆ ಹೊಂದಲಿ, ಕೈಯ ಕೆಲಸವನ್ನು ಸಾಧನ ಮಾಡದಿರಲಿ.

50 ಮೀಟರ್ ಪಿಸ್ತೂಲಿಗೆ ತೂಕದ ಮಿತಿಯೂ ಇರಲಿಲ್ಲ, ಟ್ರಿಗರ್ ಮಿತಿಯೂ ಇರಲಿಲ್ಲ. ಅದಕ್ಕೇ ಅದನ್ನು 'ಫ್ರೀ ಪಿಸ್ತೂಲ್' ಎನ್ನುತ್ತಿದ್ದರು. ಅಲ್ಲಿಯೂ ಮಣಿಕಟ್ಟಿಗೆ ಮಾತ್ರ ಆಸರೆ ಇಲ್ಲ! ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಮಾತ್ರ 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದಕ್ಕೂ ಮೊದಲು, 2013ರಲ್ಲಿ, ಕೊರಿಯಾದ ಚಾಂಗ್‌ವಾನ್ ವಿಶ್ವಕಪ್‌ನ ಏರ್ ಪಿಸ್ತೂಲಿನಲ್ಲಿ ಅವರು ಕಂಚು ಪಡೆದಿದ್ದರು. ಅದೇ ಕೈ, ಅದೇ ಕಟ್ಟಳೆ, ಎರಡು ಪದಕ. 2016ರ ರಿಯೋ ಬಳಿಕ 50 ಮೀಟರ್ ಪಿಸ್ತೂಲ್ ಒಲಿಂಪಿಕ್ಸ್‌ನಿಂದ ಹೊರಬಿತ್ತು.

ನಿಯಮ ಬದಲಾದಾಗ ಶೂಟರ್ ಹೊಸದಾಗಿ ಕಲಿಯಬೇಕಾಗುತ್ತದೆ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ 2004ರವರೆಗೆ ಹಗುರ ಟ್ರಿಗರ್, ಕಡಿಮೆ ಒದೆತದ ಗಿಡ್ಡ ತೋಟಾ ನಡೆಯುತ್ತಿತ್ತು. 2005ರಿಂದ ಟ್ರಿಗರ್ ಕನಿಷ್ಠ ಒಂದು ಕಿಲೋ, ತೋಟಾ ಕೂಡ ಜೋರಿನದು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಈ ಕಷ್ಟದ ಕಟ್ಟಳೆಯಲ್ಲಿ.

ಸಾಧನದ ಹೊಣೆಯೂ ಶೂಟರ್‌ನದೇ. 2021ರ ಜುಲೈನಲ್ಲಿ ಟೋಕಿಯೋದ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ದುರಸ್ತಿಗೆ ಹೋದ ಹೊತ್ತು ಮರಳಿ ಸಿಗಲಿಲ್ಲ. 575 ಅಂಕ, 12ನೇ ಸ್ಥಾನ, ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಅವರು ಕಂಚು ಗೆದ್ದರು.

ನಿಮ್ಮ ಮಕ್ಕಳು ಶೂಟಿಂಗ್ ಕಲಿಯುತ್ತಿದ್ದರೆ ಒಂದು ಮಾತು. ಸ್ಕ್ರೂ ಮುಟ್ಟುವ ಮುನ್ನ ಕೋಚ್ ಅವರನ್ನು ಕೇಳಲಿ. ಮುಟ್ಟಿದ ಮೇಲೆ ಬಟ್ಟು ಕಟ್ಟಿ ಟ್ರಿಗರ್ ಪರೀಕ್ಷಿಸಲಿ. ತಪಾಸಣೆಯಲ್ಲಿ ಪಾಸಾದ ಪಿಸ್ತೂಲನ್ನು ಮತ್ತೆ ತಿದ್ದದಿರಲಿ. "ನನಗೆ ಗೊತ್ತಿರಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಋಷಿಕೊಂಡದಲ್ಲಿ ನಾನು ಸೋತದ್ದು ಮೂವತ್ತು ರೂಪಾಯಿ, ನಕ್ಕು ಬಂದೆ. ವರ್ಷಗಟ್ಟಲೆ ಬೆವರು ಸುರಿಸಿದ ಹುಡುಗಿಗೆ ಹಾಗೆ ನಕ್ಕು ಬರಲಾದೀತೇ? ಅವಳ ಶ್ರಮಕ್ಕೆ ಪಕ್ಕದವರ ಸ್ಕ್ರೂ ಮೋಸ ಮಾಡದಿರಲಿ ಎಂದೇ ಆ ಬಟ್ಟು, ಆ ಪೆಟ್ಟಿಗೆ.