ಕಪ್ಪೆಯ ನಗೆ, ದ್ವೇಷದ ಬೆಳೆ

(ಪಕ್ಷದ ಯುವಜನ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ, ಭಾಷೆಯ ಪ್ರಶ್ನೆಗಳನ್ನು ಚರ್ಚಿಸಬೇಕಾದ ಶಿಬಿರದಲ್ಲಿ ಒಂದು ಕಪ್ಪೆಯ ಚಿತ್ರದ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಬರಲಿ. ಈ ಹೊತ್ತಿನ ನಮ್ಮ ಮಾತು ನಗುವನ್ನು ಕುರಿತದ್ದೇ ಆಗಿದೆ. ನಗುವಿನ ಬೆನ್ನ ಹಿಂದೆ ಅಡಗಿಕೊಂಡು ದ್ವೇಷವು ಹೇಗೆ ಊರೊಳಕ್ಕೆ ಬರುತ್ತದೆ ಎಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಸಂಗತಿಯ ಮೂಲಕ ವಿಚಾರ ಮಾಡೋಣ.

ಮ್ಯಾಟ್ ಫ್ಯೂರಿ ಎಂಬ ಚಿತ್ರಕಾರರು 2005ರ ಸುಮಾರಿಗೆ ‘ಬಾಯ್ಸ್ ಕ್ಲಬ್’ ಎಂಬ ನಗೆಚಿತ್ರ ಮಾಲೆಯನ್ನು ಬರೆದು ಅಂತರ್ಜಾಲದಲ್ಲಿ ಹಾಕತೊಡಗಿದರು. ಒಂದೇ ಕೋಣೆಯಲ್ಲಿ ಬಾಳುವ ನಾಲ್ಕು ಮಂದಿ ಸೋಮಾರಿ ಗೆಳೆಯರ ಕಥೆ ಅದು. ಅವರಲ್ಲೊಬ್ಬ ಪೆಪೆ ಎಂಬ ಕಪ್ಪೆ. ಚಡ್ಡಿಯನ್ನು ಪಾದದವರೆಗೆ ಇಳಿಸಿಕೊಂಡು ಮೂತ್ರ ಮಾಡುವುದೇಕೆಂದು ಗೆಳೆಯ ಕೇಳಿದರೆ, ಹಾಗೆ ಮಾಡುವುದೇ ಹಿತವೆಂದು ಹೇಳುವ ಪ್ರಾಣಿ. ಇಷ್ಟೇ ಅದರ ತತ್ತ್ವ. ಅದರಲ್ಲಿ ಯಾವ ಜಾತಿ ಜನಾಂಗದ ನಿಂದೆಯೂ ಇರಲಿಲ್ಲ, ಯಾವ ರಾಜಕೀಯವೂ ಇರಲಿಲ್ಲ.

2008ರ ಹೊತ್ತಿಗೆ ಆ ಕಪ್ಪೆಯ ಮುಖವನ್ನು ಯಾರೋ ಕತ್ತರಿಸಿ ತೆಗೆದು ಫೋರ್‌ಚಾನ್ ಎಂಬ ಚಿತ್ರಫಲಕಕ್ಕೆ ಒಯ್ದರು. 2003ರಲ್ಲಿ ಹುಟ್ಟಿದ ಈ ತಾಣದಲ್ಲಿ ಬರೆಯುವವನು ಹೆಸರು ಹೇಳಬೇಕಾಗಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅದರ ಮುಖ್ಯ ಫಲಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬರಹಗಳು ಅನಾಮಧೇಯವಾಗಿದ್ದವು. ಅರ್ಧದಷ್ಟು ಚರ್ಚೆಗಳು ನಾಲ್ಕು ನಿಮಿಷದೊಳಗೇ ಅಳಿಸಿಹೋಗುತ್ತಿದ್ದವು. ಇದರ ಅರ್ಥವೇನು? ಹೇಳಿದ ಮಾತಿಗೆ ಹೊಣೆಯಿಲ್ಲ. ಆದರೆ ಮಾತು ಬದುಕಬೇಕಾದರೆ ಕೂಡಲೇ ನಾಲ್ಕು ಜನರ ಕಣ್ಣು ಕುಕ್ಕಬೇಕು. ಸಂತೆಯಲ್ಲಿ ಗಟ್ಟಿಯಾಗಿ ಕೂಗಿದವನ ಸರಕು ಹೋಗುವಂತೆ ಅಲ್ಲಿ ಹೆಚ್ಚು ಬೆಚ್ಚಿಬೀಳಿಸುವ ಚಿತ್ರವೇ ಉಳಿಯುತ್ತದೆ. ಹೀಗೆ ಕೈಯಿಂದ ಕೈಗೆ ಹೋಗಿ, ಹೋದಲ್ಲೆಲ್ಲ ರೂಪ ಬದಲಿಸುತ್ತ ಬೆಳೆಯುವ ಚಿತ್ರಕ್ಕೆ ಮೀಮ್ ಎನ್ನುತ್ತಾರೆ. ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ 1976ರಲ್ಲಿ ಬೇರೊಂದು ವಿಚಾರಕ್ಕಾಗಿ ಟಂಕಿಸಿದ ಶಬ್ದವಿದು.

ಆ ತಾಣದಲ್ಲಿ ಕಪ್ಪೆಗೆ ಹಲವು ಮುಖಗಳು ಬಂದವು. ಅವುಗಳಲ್ಲಿ ಬಹಳ ಹರಡಿದ್ದು ಅಳುಮೋರೆಯ ಕಪ್ಪೆ. ಕೆಲಸವಿಲ್ಲ, ಗೆಳೆಯರಿಲ್ಲ, ಹೆಣ್ಣು ಒಲಿಯಲಿಲ್ಲ, ಕೋಣೆಯಿಂದ ಹೊರಗೆ ಬರಲು ಮನಸ್ಸಿಲ್ಲ ಎನ್ನುವ ತರುಣರು ತಮ್ಮ ಮುಖದ ಬದಲು ಆ ಮುಖವನ್ನು ತೋರಿಸಿದರು. ಸಂಗಾತಿಗಳೆ, ಇದನ್ನು ತಾವು ಮರೆಯಬಾರದು. ಮುಂದೆ ದ್ವೇಷದ ಪತಾಕೆಯಾದ ಚಿತ್ರವು ಮೊದಲು ಒಂಟಿತನದ ಚಿತ್ರವಾಗಿತ್ತು.

2014ರಲ್ಲಿ ಕೇಟಿ ಪೆರಿ, ನಿಕಿ ಮಿನಾಜ್ ಮೊದಲಾದ ಹೆಸರಾಂತ ಗಾಯಕಿಯರೂ ಕಪ್ಪೆಯನ್ನು ಬಳಸಿದರು. ಅನಂತರದ ಒಂದೆರಡು ವರ್ಷಗಳಲ್ಲಿ ಕಪ್ಪೆಯ ತುಟಿಯ ಮೇಲೆ ಹಿಟ್ಲರನ ಮೀಸೆ ಬಂತು, ಮೈಮೇಲೆ ನಾಜಿ ಸಮವಸ್ತ್ರ ಬಂತು, ಯಹೂದ್ಯರನ್ನೂ ಕರಿಯರನ್ನೂ ಹೀನಾಯ ಮಾಡುವ ಮಾತು ಬಂತು. ಕೇಳಿದರೆ, ತಮಾಷೆಗೆಂದರು. 2015ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಪದವಿಯ ಉಮೇದುವಾರರಾಗಿದ್ದ ಡೊನಾಲ್ಡ್ ಟ್ರಂಪ್ ತಮ್ಮನ್ನೇ ಕಪ್ಪೆಯ ರೂಪದಲ್ಲಿ ತೋರಿಸುವ ಚಿತ್ರವೊಂದನ್ನು ಹಂಚಿಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಅವರ ಮಗನೂ ಕಪ್ಪೆಯಿದ್ದ ಒಂದು ಚಿತ್ರ ಹಾಕಿದರು. ಅದೇ ತಿಂಗಳು 27ರಂದು ಯಹೂದ್ಯರ ವಿರುದ್ಧದ ದ್ವೇಷವನ್ನು ಎದುರಿಸುವ ಆಂಟಿ ಡಿಫಮೇಷನ್ ಲೀಗ್ ಸಂಸ್ಥೆಯು ಈ ಕಪ್ಪೆಯನ್ನು ದ್ವೇಷಚಿಹ್ನೆಗಳ ಪಟ್ಟಿಗೆ ಸೇರಿಸಿತು. ಆದರೆ ಕಪ್ಪೆಯ ಬಳಕೆಯೆಲ್ಲ ದ್ವೇಷದ್ದಲ್ಲ, ಸಂದರ್ಭ ನೋಡಿ ತೀರ್ಮಾನಿಸಬೇಕೆಂದೂ ಅದು ಹೇಳಿತು. ಈ ವಿವೇಕ ಮೆಚ್ಚತಕ್ಕದ್ದು.

ಚಿತ್ರವೊಂದನ್ನು ಕದ್ದು ಕೆಡಿಸುವುದು ಹೊಸದೇನಲ್ಲ. ನಮ್ಮ ಹೆಣ್ಣುಮಕ್ಕಳು ಹೊಸ್ತಿಲ ಮುಂದೆ ಬರೆಯುವ ಸ್ವಸ್ತಿಕವನ್ನು ಹಿಟ್ಲರನ ಪಕ್ಷವು 1920ರಲ್ಲಿ ತನ್ನ ಧ್ವಜಕ್ಕೆ ಏರಿಸಿತು. ಯೂರೋಪಿನಲ್ಲಿ ಆ ಗುರುತಿಗೆ ಅಂಟಿದ ರಕ್ತ ಇನ್ನೂ ಆರಿಲ್ಲ. ನಗೆಚಿತ್ರದಿಂದ ವಿಷ ಬಿತ್ತುವುದೂ ಹೊಸದಲ್ಲ. 1923ರಲ್ಲಿ ಜರ್ಮನಿಯಲ್ಲಿ ಯೂಲಿಯುಸ್ ಶ್ಟ್ರೈಖರ್ ಆರಂಭಿಸಿದ ‘ಡೇರ್ ಶ್ಟ್ಯೂರ್ಮರ್’ ವಾರಪತ್ರಿಕೆಯಲ್ಲಿ ಯಹೂದ್ಯರನ್ನು ಗೂನುಮೂಗಿನ ರಾಕ್ಷಸರಂತೆ ಬರೆದ ವ್ಯಂಗ್ಯಚಿತ್ರಗಳು ವಾರ ವಾರವೂ ಬರುತ್ತಿದ್ದವು. ಜನ ನಕ್ಕರು. ನಕ್ಕು ನಕ್ಕು, ಆ ಜನರು ಮನುಷ್ಯರೇ ಅಲ್ಲವೆಂಬುದು ಅಭ್ಯಾಸವಾಯಿತು. 1946ರಲ್ಲಿ ನ್ಯೂರೆಂಬರ್ಗಿನ ವಿಚಾರಣೆಯ ಬಳಿಕ ಶ್ಟ್ರೈಖರನನ್ನು ಗಲ್ಲಿಗೇರಿಸಲಾಯಿತು. ಅವನು ಸೈನ್ಯ ನಡೆಸಿದವನಲ್ಲ, ಪತ್ರಿಕೆ ನಡೆಸಿದವನು.

ಆ ಪತ್ರಿಕೆಯ ಹೆಸರನ್ನೇ ಹೊತ್ತು 2013ರಲ್ಲಿ ಅಮೆರಿಕದಲ್ಲಿ ‘ಡೈಲಿ ಸ್ಟಾರ್ಮರ್’ ಎಂಬ ನವನಾಜಿ ಜಾಲತಾಣ ಹುಟ್ಟಿತು. ಅದರ ಬರಹಗಾರರಿಗೆಂದು ಮಾಡಿದ ಕೈಪಿಡಿ 2017ರಲ್ಲಿ ಹೊರಬಿತ್ತು. ತಾವು ತಮಾಷೆ ಮಾಡುತ್ತಿದ್ದೇವೆಯೋ ನಿಜವಾಗಿ ಹೇಳುತ್ತಿದ್ದೇವೆಯೋ ಎಂಬುದು ಹೊರಗಿನವರಿಗೆ ತಿಳಿಯಬಾರದು ಎಂಬ ಆದೇಶ ಅದರಲ್ಲಿತ್ತು. ಎಂದರೆ ಇದು ಹುಡುಗಾಟವಲ್ಲ, ಯೋಜನೆ. ಆಕ್ಷೇಪಿಸಿದರೆ, ನಗೆಯ ರುಚಿಯಿಲ್ಲದವರೆಂದು ನಮ್ಮನ್ನೇ ಹಂಗಿಸಬಹುದು. ಸುಮ್ಮನಿದ್ದರೆ ಮಾತು ಬೇರೂರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. 2017ರ ಆಗಸ್ಟ್ 12ರಂದು ಶಾರ್ಲಟ್ಸ್‌ವಿಲ್ ನಗರದಲ್ಲಿ ಬಿಳಿಯ ಜನಾಂಗವಾದಿಗಳು ಸೇರಿದಾಗ ಇದೇ ನಗೆಲೋಕದ ಧ್ವಜಗಳೂ ಅಲ್ಲಿ ಹಾರಾಡಿದವು. ಅವರಲ್ಲೊಬ್ಬನು ಎದುರು ಪ್ರದರ್ಶನ ಮಾಡುತ್ತಿದ್ದವರ ಮೇಲೆ ಕಾರು ನುಗ್ಗಿಸಿದನು. ಹೆದರ್ ಹೇಯರ್ ಎಂಬ 32 ವರ್ಷದ ಹೆಣ್ಣುಮಗಳು ಸತ್ತಳು. ಅಂದು ತಮಾಷೆ ಎಲ್ಲಿತ್ತು?

ಇನ್ನು ಆ ಬಡ ಚಿತ್ರಕಾರನ ಪಾಡು. ಕಪ್ಪೆಯನ್ನು ಉಳಿಸಿಕೊಳ್ಳಬೇಕೆಂದು ಫ್ಯೂರಿ 2016ರಲ್ಲಿ ಒಳ್ಳೆಯ ಕಪ್ಪೆಚಿತ್ರಗಳ ಪ್ರಚಾರ ಹೂಡಿದರು, ಫಲಿಸಲಿಲ್ಲ. 2017ರ ಮೇ ತಿಂಗಳಲ್ಲಿ ಬೇಸತ್ತು ಕಪ್ಪೆ ಸತ್ತು ಶವಪೆಟ್ಟಿಗೆಯಲ್ಲಿ ಮಲಗಿರುವಂತೆ ಬರೆದರು. ಅಂತರ್ಜಾಲದ ಕಪ್ಪೆ ಸಾಯಲಿಲ್ಲ. ಕಡೆಗೆ ನ್ಯಾಯಾಲಯದ ದಾರಿ ಹಿಡಿದರು. ಟೆಕ್ಸಾಸಿನಲ್ಲಿ ಕಪ್ಪೆಯನ್ನು ಬಳಸಿ ಮುಸ್ಲಿಂ ದ್ವೇಷದ ಮಕ್ಕಳ ಪುಸ್ತಕವೊಂದು ಬಂದಿತ್ತು. ಅದರ ಮಾರಾಟ ನಿಲ್ಲಿಸಿ, ಬಂದ ಲಾಭವನ್ನು ಮುಸ್ಲಿಮರ ಹಕ್ಕುಗಳ ಒಂದು ಸಂಸ್ಥೆಗೇ ಕೊಡಬೇಕೆಂದು ರಾಜಿಯಾಯಿತು. ಕಪ್ಪೆಯ ಭಿತ್ತಿಚಿತ್ರ ಮಾರಿದ ಇನ್ಫೋವಾರ್ಸ್ ಸಂಸ್ಥೆ 2019ರ ಜೂನ್‌ನಲ್ಲಿ 15,000 ಡಾಲರ್ ತೆರಲು ಒಪ್ಪಿತು.

ಇಲ್ಲಿ ಸಮಾಜವಾದಿಗಳಾದ ನಮಗೊಂದು ಇಕ್ಕಟ್ಟಿದೆ. ಖಾಸಗಿ ಒಡೆತನವನ್ನು ಪ್ರಶ್ನಿಸುವವರು ಒಬ್ಬನ ಹಕ್ಕುಸ್ವಾಮ್ಯಕ್ಕೆ ಜಯಕಾರ ಹಾಕಬಹುದೆ? ಹಾಕಬಹುದೆಂದೇ ನಮ್ಮ ಮತ. ಉಳುವವನಿಗೆ ಭೂಮಿ ಸೇರಬೇಕೆಂದವರು ನಾವು. ಬೆವರು ಸುರಿಸದವನು ಬೆಳೆ ಕೊಯ್ದುಕೊಂಡು ಹೋಗುವುದನ್ನು ಹೊಲದಲ್ಲಿ ಒಪ್ಪದವರು ಕಾಗದದ ಮೇಲೆ ಏಕೆ ಒಪ್ಪಬೇಕು? ಆದರೆ ಕಾನೂನಿನ ಮಿತಿಯನ್ನೂ ತಿಳಿಯಬೇಕು. ಅದು ಪುಸ್ತಕ ಮಾರಿದವನನ್ನು, ಭಿತ್ತಿಚಿತ್ರ ಮಾರಿದವನನ್ನು ಹಿಡಿಯಿತು. ಹೆಸರಿಲ್ಲದ ಲಕ್ಷ ಕೈಗಳನ್ನು ಹಿಡಿಯಲಾರದೆ ಹೋಯಿತು.

ಹಾಗಾದರೆ ಇಂಥ ಚಿತ್ರಗಳನ್ನೆಲ್ಲ ಸರ್ಕಾರ ನಿಷೇಧಿಸಲಿ ಎನ್ನೋಣವೆ? ಬೇಡ. ವಾಣಿಗೆ ಸ್ವಾತಂತ್ರ್ಯ, ಕರ್ಮಕ್ಕೆ ನಿಯಂತ್ರಣ ಎಂಬುದು ಲೋಹಿಯಾ ಅವರು ನಮಗೆ ಬಿಟ್ಟುಹೋದ ಸೂತ್ರ. ಬೆದರಿಕೆ, ಹಲ್ಲೆ, ಕೊಲೆಗೆ ಪ್ರಚೋದನೆ ಇವು ಕರ್ಮದ ಸಾಲಿಗೆ ಸೇರಿದವು. ಅವನ್ನು ಕಾನೂನು ತಡೆಯಲಿ. ನಗೆಚಿತ್ರವನ್ನು ಅಳಿಸುವ ಅಧಿಕಾರ ಸರ್ಕಾರದ ಕೈಗೆ ಹೋದರೆ ಮೊದಲು ಅಳಿಯುವುದು ಸರ್ಕಾರವನ್ನು ನೋಡಿ ನಕ್ಕ ಚಿತ್ರವೇ. 2019ರಲ್ಲಿ ಹಾಂಗ್‌ಕಾಂಗ್‌ನ ತರುಣ ತರುಣಿಯರು ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದಾಗ ಇದೇ ಕಪ್ಪೆಗೆ ಹಳದಿ ಟೋಪಿ ತೊಡಿಸಿ, ಗೋಡೆಗಳ ಮೇಲೆ ಅಂಟಿಸಿದರು. ಅಮೆರಿಕದ ದ್ವೇಷ ಅವರಿಗೆ ಬೇಕಾಗಿರಲಿಲ್ಲ; ದಣಿದ ಒಂದು ಮುಖ ಬೇಕಾಗಿತ್ತು. ತನ್ನ ಕಪ್ಪೆ ಜನರ ಪಾಲಾಯಿತೆಂದು ಫ್ಯೂರಿ ಸಂತೋಷಪಟ್ಟರು. ಕೆಟ್ಟ ಗುರುತು ಕೆಟ್ಟದ್ದಾಗಿಯೇ ಉಳಿಯಬೇಕಾಗಿಲ್ಲ. ಅದನ್ನು ಮರಳಿ ಪಡೆಯುವುದು ಕೂಡಿ ಹೋರಾಡುವ ಜನರಿಂದ ಸಾಧ್ಯ.

ನಮ್ಮ ಮನೆಯ ಕಡೆಯೂ ನೋಡಿಕೊಳ್ಳೋಣ. ಎದುರಾಳಿಯ ಮೈಬಣ್ಣವನ್ನೋ ಕುಂಟುಕಾಲನ್ನೋ ಹಂಗಿಸುವ ಚಿತ್ರ ನಮ್ಮದೇ ವಾಟ್ಸಾಪ್ ಗುಂಪಿಗೆ ಬಂದಾಗ ನಾವೂ ನಕ್ಕಿದ್ದೇವೆ, ಮುಂದಕ್ಕೂ ಕಳಿಸಿದ್ದೇವೆ. ನಮ್ಮ ಪಕ್ಷದ ನಗು ಶುದ್ಧ, ಅವರ ನಗು ಅಶುದ್ಧ ಎಂಬ ಲೆಕ್ಕ ಸಲ್ಲದು. ಅಧಿಕಾರದಲ್ಲಿರುವವನನ್ನು ಕೆಳಗಿನವನು ನೋಡಿ ನಕ್ಕರೆ ಅದು ವಿಡಂಬನೆ. ಬಿದ್ದವನನ್ನು ಗುಂಪುಕಟ್ಟಿ ನೋಡಿ ನಕ್ಕರೆ ಅದು ಹಿಂಸೆ. ಚಿತ್ರವೊಂದನ್ನು ಮುಂದಕ್ಕೆ ಕಳಿಸುವ ಮುನ್ನ, ಇದರಿಂದ ನೋಯುವವನು ಯಾರು ಎಂದು ಕೇಳಿಕೊಳ್ಳುವ ಶಿಸ್ತು ನಮಗೆ ಬರಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಆ ಅಳುಮೋರೆಯ ಕಪ್ಪೆಯದು. ಕೋಣೆಯಲ್ಲಿ ಒಂಟಿಯಾಗಿ ಕೂತ ನಿರುದ್ಯೋಗಿ ಹುಡುಗನ ಬಳಿಗೆ ದ್ವೇಷದವರು ನಗುತ್ತ ಹೋಗಿ ಹೆಗಲ ಮೇಲೆ ಕೈ ಹಾಕಿದರು. ನಿನ್ನ ಕಷ್ಟಕ್ಕೆ ವಲಸೆ ಬಂದವನು ಕಾರಣ, ಹೆಣ್ಣು ಕಾರಣ, ಯಹೂದ್ಯ ಕಾರಣ ಎಂದರು. ಕಾರಣ ಬೇರೆಯಿದೆ, ಬಾ ಕೂತು ಮಾತಾಡೋಣ ಎನ್ನಬೇಕಾದವರು ಅಲ್ಲಿ ಆ ವೇಳೆಗೆ ಇರಲಿಲ್ಲ. ನಮ್ಮ ತಾಲ್ಲೂಕುಗಳಲ್ಲೂ ಪದವಿ ಹಿಡಿದು ಕೆಲಸವಿಲ್ಲದೆ ರಾತ್ರಿಯೆಲ್ಲ ಮೊಬೈಲು ನೋಡುವ ಹುಡುಗರಿದ್ದಾರೆ. ಅವರ ಬಾಗಿಲನ್ನು ನಾವು ತಟ್ಟಿದ್ದೇವೆಯೆ? ನಮ್ಮ ಕಚೇರಿಯ ಬಾಗಿಲನ್ನು ಚುನಾವಣೆ ಮುಗಿದ ಮೇಲೂ ಸಂಜೆಯ ಹೊತ್ತು ತೆರೆದಿಟ್ಟಿದ್ದೇವೆಯೆ? ಈ ಶಿಬಿರದಿಂದ ಹಿಂದಿರುಗುವ ಒಬ್ಬೊಬ್ಬರೂ ಅಂಥ ಒಬ್ಬ ಹುಡುಗನನ್ನು ಹುಡುಕಿ ಮಾತನಾಡಿಸಿದರೆ, ಒಂದು ನಗೆಚಿತ್ರಕ್ಕಾಗಿ ನಾವು ವ್ಯಯ ಮಾಡಿದ ಈ ಹೊತ್ತು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ.

ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ. ಇನ್ನು ತಾವು ಪ್ರಶ್ನೆ ಕೇಳಬೇಕು.