ಕಂಬಳಿ ಹೊದ್ದ ಬ್ಯಾಟ್‌ಮನ್

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಅಸಂಗಿ ನಮ್ಮೂರು. ನನ್ನ ಮೊಮ್ಮಗ ಮನೆಯಲ್ಲಿ ಆಡುವುದು ಕನ್ನಡ, ಬಜಾರಿನಲ್ಲಿ ಮರಾಠಿ, ಕಾರ್ಟೂನ್ ನೋಡುವುದು ಹಿಂದಿಯಲ್ಲಿ. ಅವನ ಜೊತೆ ಕೂತು ಕೂತು ನನಗೂ ಆ ಚಟ ಹತ್ತಿತು.

ಕಾಮಿಕ್ಸ್ ಪುಸ್ತಕದಲ್ಲಿ ಚಿತ್ರ ನಿಂತಿರುತ್ತದೆ, ನಮ್ಮ ಕಣ್ಣು ಓಡುತ್ತದೆ. ಟಿವಿಯಲ್ಲಿ ಚಿತ್ರವೇ ಓಡಬೇಕು. ಸೆಕೆಂಡಿಗೆ 12 ಚಿತ್ರವೆಂದರೂ ಬರೆಯುವ ಕೈ ಸೋಲುತ್ತದೆ. ಸ್ಪೈಡರ್‌ಮ್ಯಾನ್ ಅಂಗಿಯ ಮೇಲಿನ ಜೇಡರ ಬಲೆ ನೋಡಿದ್ದೀರಲ್ಲ? 1967ರ ಕಾರ್ಟೂನಿನವರು ಮುಖವಾಡ, ಕೈಗವಸಿನ ಬಲೆ ಉಳಿಸಿಕೊಂಡು ಎದೆಯ ಮೇಲಿನದನ್ನು ಬಿಟ್ಟೇಬಿಟ್ಟರು. ಆದರೂ ಅವನು ಅವನೇ. ಯಾವ ಗೆರೆ ತೆಗೆದರೆ ನಡೆದೀತು ಎಂದು ತಿಳಿಯುವುದೇ ಈ ಕೆಲಸದ ಅರ್ಧ ವಿದ್ಯೆ.

ಇನ್ನರ್ಧ ಸೇರಿಸುವುದು. 1938ರಲ್ಲಿ ಪುಸ್ತಕಕ್ಕೆ ಬಂದ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ. 1941ರಲ್ಲಿ ಫ್ಲೈಶರ್ ಸೋದರರು ಸಿನಿಮಾ ಮಂದಿರಕ್ಕೆ ಅವನ ಕಾರ್ಟೂನ್ ಮಾಡುವಾಗ ಆ ಜಿಗಿತ ಕಣ್ಣಿಗೆ ಚೆಂದ ಕಾಣಲಿಲ್ಲವೆಂದು ಅವನನ್ನು ಹಾರಿಸಿಬಿಟ್ಟರು. ಅವನ ಬಲ ಹೀರುವ ಕ್ರಿಪ್ಟೋನೈಟ್ ಕಲ್ಲೋ, 1943ರಲ್ಲಿ ರೇಡಿಯೋ ನಾಟಕದಲ್ಲಿ ಹುಟ್ಟಿದ್ದು. ಮೈಕಿನ ಮುಂದೆ ಕೂತ ನಾನು ಇದನ್ನು ಹೇಳದೆ ಬಿಟ್ಟೇನೆಯೇ!

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1992ರ ಬ್ಯಾಟ್‌ಮನ್ ಕಾರ್ಟೂನ್. ಹಿನ್ನೆಲೆಯ ಚಿತ್ರವನ್ನು ಆಗ ಸಾಮಾನ್ಯವಾಗಿ ಬಿಳಿ ಕಾಗದದ ಮೇಲೆ ಬರೆಯುತ್ತಿದ್ದರು. ಈ ಕಾರ್ಟೂನ್ ರೂಪಿಸಿದವರಲ್ಲಿ ಒಬ್ಬನಾದ ಎರಿಕ್ ರಡೋಮ್ಸ್ಕಿ ಕರಿ ಕಾಗದ ಹಿಡಿದ. ಕತ್ತಲೆ ಮೊದಲೇ ಇದೆ, ಒಂದು ಕಿಟಕಿ, ಒಂದು ಬೀದಿದೀಪ ಬರೆದರೆ ಪಟ್ಟಣ ಎದ್ದು ನಿಲ್ಲುತ್ತದೆ. ನಮ್ಮ ತೊಗಲುಗೊಂಬೆಯವರೂ ಇರುಳನ್ನು ಹೀಗೇ ಪುಕ್ಕಟೆ ಬಳಸಿಕೊಳ್ಳುತ್ತಾರೆ.

ಇನ್ನು ದನಿ. ನಟರನ್ನು ಒಬ್ಬೊಬ್ಬರನ್ನೇ ಕರೆಯದೆ, ಸಾಧ್ಯವಾದಷ್ಟೂ ಒಂದೇ ಕೋಣೆಯಲ್ಲಿ ಕೂರಿಸಿ ರೇಡಿಯೋ ನಾಟಕದಂತೆ ಮುದ್ರಿಸಿಕೊಂಡರು. ನಟ ಕೆವಿನ್ ಕಾನ್ರಾಯ್ ಸಿರಿವಂತ ಬ್ರೂಸ್ ವೇನ್‌ಗೆ ಒಂದು ಹಗುರ ದನಿ, ಅವನೇ ಮುಖವಾಡ ತೊಟ್ಟು ಬ್ಯಾಟ್‌ಮನ್ ಆದಾಗ ಎದೆಯಾಳದ ಇನ್ನೊಂದು ದನಿ ಕೊಟ್ಟ. ಪುಸ್ತಕದ ಗುಳ್ಳೆಯೊಳಗಿನ ಅಕ್ಷರಕ್ಕೆ ಇದು ಎಟುಕದ ಮಾತು. ಅದೇ ಕಾರ್ಟೂನಿಗೆಂದು ಹುಟ್ಟಿಸಿದ ಹಾರ್ಲೆ ಕ್ವಿನ್ ಎಂಬ ಖಳನಾಯಕಿ ಆಮೇಲೆ ಪುಸ್ತಕಕ್ಕೂ ನಡೆದುಹೋದಳು.

ಮೊನ್ನೆ ಮೊಮ್ಮಗ ನನ್ನ ಕರಿ ಕಂಬಳಿ ಹೊದ್ದು, ಕಟ್ಟೆಯ ಮೇಲೆ ನಿಂತು, ದನಿ ದಪ್ಪ ಮಾಡಿ, ‘ಯಾರದು ಕಳ್ಳ?’ ಎಂದು ಗುಡುಗಿದ. ದನದ ಕೊಟ್ಟಿಗೆಯಲ್ಲಿದ್ದ ನನ್ನ ಹೆಂಡತಿ ನಿಜವಾಗಿಯೂ ಬೆಚ್ಚಿದಳು. ಕಂಬಳಿ ಜಾರಿತು. ಕೂಡಲೇ ಸಣ್ಣ ದನಿ ಬಂತು: ‘ಆಯಿ, ಹಸಿವಾಗೇದ, ರೊಟ್ಟಿ ಕೊಡು.’